ಅವನಿದ್ದಾಗ ಮಾತ್ರ ಮೂಡುತ್ತಿದ್ದ ಕೆಂಪು ಗೆರೆ

"ಕುರ್ಚಿ ಬಿಡ್ತೀರಾ, ಇಲ್ಲ ನಾನು ನಿಂತೇ ರಿಪೇರಿ ಮಾಡ್ಬೇಕಾ?"

ಅವಳು ಏಳಲಿಲ್ಲ. ಮೊದಲ ಮಾತಿಗೇ ಇಷ್ಟು ಗತ್ತಾ!

"ನಿಂತೇ ಮಾಡಿ. ಕಾಲು ಗಟ್ಟಿಯಾಗೇ ಇರೋ ಹಾಗಿದೆ."

ಕಂಪ್ಯೂಟರ್ ರಿಪೇರಿಯವನು ನಕ್ಕ. ಅವಳ ಭುಜದ ಮೇಲಿಂದ ಬಾಗಿ ಕೀಬೋರ್ಡಿಗೆ ಕೈಚಾಚಿದ. ತೋಳಿನಿಂದ ಸೋಪಿನ ವಾಸನೆ. ಅವಳು ಉಸಿರು ಬಿಗಿಹಿಡಿದಳು... ಛೆ, ಏನಾಗಿದೆ ನನಗೆ?

ಅದು ಔಷಧಿ ಡಬ್ಬಿಯೊಳಗೆ ಮಡಚಿಡುವ ಚೀಟಿಗಳನ್ನು ಅಚ್ಚು ಹಾಕುವ ಪ್ರೆಸ್ಸು. ಅವಳು ಅಲ್ಲಿ ಕರಡು ತಿದ್ದುವವಳು. ತಪ್ಪು ಪದದಡಿ ಕೆಂಪು ಗೆರೆ ಎಳೆಯಬೇಕಾದ ಸ್ಪೆಲ್ ಚೆಕರ್, ಹೊಸ ಕಂಪ್ಯೂಟರ್ ಬಂದಾಗಿನಿಂದ ಸತ್ತುಬಿದ್ದಿತ್ತು. ತಪ್ಪಿದ್ದ ಚೀಟಿಯೊಂದು ಆಗಲೇ ಹೊರಗೆ ಹೋಗಿತ್ತು. ಯಜಮಾನರು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸಿದ್ದರು, ಅವಳ ಕೈಯಲ್ಲೇ.

"ಇನ್ನೊಂದು ಹೋದ್ರೆ ನೀನೂ ಹೋಗ್ತೀಯ, ತಿಳೀತಾ?"

ಕೆಲಸ ಹೋದರೆ ಅವಳಿಗೆ ಉಳಿಯುವುದು ಅಕ್ಕನ ಮನೆಯ ಮೂಲೆ ಮತ್ತು ಭಾವನ ನಾಲಿಗೆ.

ಅವನು ಪರದೆಯ ಮೇಲೆ ಆಜ್ಞೆ ಟೈಪಿಸುವ ಕಪ್ಪು ಕಿಟಕಿಯೊಂದನ್ನು ತೆರೆದು ಒಂದು ಸಾಲು ಸೇರಿಸಿದ. ಅಲ್ಲೇ ಅವಳು ಕರಡು ತಿದ್ದಲು ಬಳಸುವ ಪ್ರೋಗ್ರಾಂ ಆದ ಎಡಿಟರ್‌ನ ಹೆಸರು ಟೈಪಿಸಿ ಅದನ್ನು ತೆರೆದ. ಬೇಕೆಂದೇ ಒಂದು ಪದ ಕೆಡಿಸಿದ. ಅದರಡಿ ಕೆಂಪು ಗೆರೆ ಮೂಡಿತು!

"ಸ್ಪೆಲ್ ಚೆಕರ್ ಯಾವ ಫೋಲ್ಡರ್‌ನಲ್ಲಿದೆ ಅಂತ ಇದಕ್ಕೆ ಗೊತ್ತಿರಲಿಲ್ಲ. ಪಾತ್, ಅಂದ್ರೆ ಅಲ್ಲಿಗೆ ಹೋಗೋ ದಾರಿ, ಹೇಳಿಕೊಟ್ಟೆ. ನಿಮಗೂ ನನಗೂ ಋಣ ತೀರ್ತು."

'ಇಷ್ಟು ಬೇಗ ತೀರಬೇಕಿತ್ತಾ?' ಎಂದುಕೊಂಡಳು ಅವಳು.

ತೀರಲಿಲ್ಲ. ಮರುದಿನ ಅವಳು ಎಡಿಟರ್ ತೆರೆದರೆ ಗೆರೆಯ ಸುಳಿವೇ ಇಲ್ಲ. ಅವನು ಬಂದ, ಗೆರೆ ಬಂತು. ಅವನು ಹೋದ, ಗೆರೆಯೂ ಹೋಯಿತು. ಮತ್ತೆ ಕರೆಸಿದರೂ ಅದೇ ಕಥೆ.

"ಏನಮ್ಮಾ," ಬೈಂಡಿಂಗ್ ಹೆಂಗಸು ಎಲ್ಲರಿಗೂ ಕೇಳುವಂತೆ ಕೂಗಿದಳು, "ಡಾಕ್ಟ್ರು ಕೈ ಹಿಡಿದ್ರೆ ಮಾತ್ರ ನಾಡಿ ಓಡುತ್ತಾ?"

ಅವನು ಬರುವ ದಿನ ಅವಳು ಎರಡನೇ ಸಲ ತಲೆ ಬಾಚಿಕೊಳ್ಳುತ್ತಿದ್ದಳು. ಅವನ ಅಂಗಿಗೂ ಈಗ ಇಸ್ತ್ರಿ ಇತ್ತು.

ಅಷ್ಟರಲ್ಲಿ ಇನ್ನೊಂದು ತಪ್ಪು ಚೀಟಿ ಹೊರಗೆ ಹೋಯಿತು.

ಯಜಮಾನರು ಇಬ್ಬರನ್ನೂ ಯಂತ್ರಗಳ ನಡುವೆ ನಿಲ್ಲಿಸಿದರು.

"ಸ್ಪೆಲ್ ಚೆಕರ್ ಕೆಲಸ ಮಾಡ್ತಿರಲಿಲ್ಲ ಸಾರ್. ಇವರನ್ನೇ ಕೇಳಿ!" ಎಂದಳು ಅವಳು.

"ಏನಪ್ಪಾ, ನಿಜವಾ?"

ಎಲ್ಲೋ ಯಾರೋ ಕಿಸಕ್ಕೆಂದರು. ಅವನ ಕಿವಿ ಬಿಸಿಯಾಯಿತು. 'ಇನ್ನೊಮ್ಮೆ ನೋಡ್ತೀನಿ' ಎಂದಿದ್ದರೆ ಸಾಕಿತ್ತು.

"ನಾನು ನೋಡಿದಾಗೆಲ್ಲ ಸರಿಯಾಗೇ ಇದೆ ಸಾರ್. ಇವರಿಗೆ ಬೇಕಾಗಿರೋದು ಕೆಂಪು ಗೆರೆ ಅಲ್ಲ... ನಾನು."

ಇಡೀ ಪ್ರೆಸ್ಸು ನಕ್ಕಿತು. ಅವಳು ಅವನ ಮುಖ ನೋಡಿದಳು. ಅವನೂ ನಗುತ್ತಿದ್ದ.

ಅಂದೇ ಅವಳ ಲೆಕ್ಕ ಚುಕ್ತಾ ಆಯಿತು. ಮನೆಗೆ ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು; ಭಾವ ಬಾಗಿಲಲ್ಲೇ ಕೇಳಿದ: "ಬಾಮ್ಮಾ ರಾಣಿ, ಪ್ರೇಮ ಮಾಡೋಕೆ ಎಷ್ಟು ಸಂಬಳ ಕೊಡ್ತಿದ್ರು?" ಅಕ್ಕ ತರಕಾರಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

ಅವಳ ಕುರ್ಚಿಗೆ ಯಜಮಾನರ ಷಡ್ಡಕ ಬಂದು ಕೂತ. ವಾರ ಕಳೆಯುವುದರೊಳಗೆ ರಿಪೇರಿಯವನಿಗೆ ಫೋನು ಬಂತು.

"ಕೆಂಪು ಗೆರೆ ಬರ್ತಿಲ್ಲ ಕಣ್ರೀ!"

ಪೊದೆಮೀಸೆಯ ಈ ಮನುಷ್ಯ ತನಗಾಗಿ ಹಂಬಲಿಸುತ್ತಿರಲಾರ! ರಿಪೇರಿಯವನು ಪ್ರೆಸ್ಸಿಗೆ ಬಂದು, ಮೊದಲ ಸಲ ಕೀಬೋರ್ಡ್ ಮುಟ್ಟದೆ ಹಿಂದೆ ನಿಂತ.

"ನೀವು ದಿನಾ ಹೇಗೆ ತೆರೀತೀರೋ ಹಾಗೇ ತೆರೀರಿ."

ಷಡ್ಡಕ ಪರದೆಯ ಮೇಲಿನ ಐಕಾನ್ ಒತ್ತಿದ. ಎಡಿಟರ್ ತೆರೆಯಿತು. ಗೆರೆ ಇಲ್ಲ.

ಅವನು ತಾನೇ ಕಪ್ಪು ಕಿಟಕಿಯಿಂದ ತೆರೆದು ನೋಡಿದ. ಗೆರೆ ಬಂತು.

ಅವನು ಹೇಳಿಕೊಟ್ಟ ಪಾತ್ ಕಪ್ಪು ಕಿಟಕಿಯಿಂದ ತೆರೆದ ಎಡಿಟರ್‌ಗೆ ಮಾತ್ರ ಸಿಗುತ್ತಿತ್ತು. ಐಕಾನ್‌ನಿಂದ ತೆರೆದದ್ದಕ್ಕೆ ಸಿಗುತ್ತಲೇ ಇರಲಿಲ್ಲ. ಅವನು ಪ್ರತಿ ಸಲ ಕಿಟಕಿಯಿಂದ ತೆರೆದು ತೋರಿಸಿದ್ದ. ಅವಳು ಎಲ್ಲರ ಹಾಗೆ ಐಕಾನ್ ಒತ್ತುತ್ತಿದ್ದಳು. ಹೇಗೆ ತೆರೀತೀರಿ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ.

ಸ್ಪೆಲ್ ಚೆಕರ್‌ನ ಪೂರ್ತಿ ವಿಳಾಸವನ್ನು ಎಡಿಟರ್‌ನ ಸೆಟ್ಟಿಂಗ್‌ನಲ್ಲೇ ಬರೆದ. ಐಕಾನ್ ಒತ್ತಿಸಿದ. ಗೆರೆ ಬಂತು. ಇಷ್ಟೇ ಕೆಲಸ! ಇಷ್ಟಕ್ಕೆ ಒಬ್ಬಳ ಅನ್ನ ಕಿತ್ತುಕೊಂಡಿದ್ದ.

ಸಂಜೆ ಅವನು ಅವಳ ಅಕ್ಕನ ಮನೆಯ ಕದ ತಟ್ಟಿದಾಗ ಭಾವ ತೆಗೆದು, ಅವನ ಹೆಗಲ ಮೇಲಿನ ರಿಪೇರಿ ಚೀಲ ನೋಡಿದ.

"ಓಹೋ, ರಿಪೇರಿಯವರು! ಇಲ್ಲಿ ಕೆಟ್ಟಿರೋದು ಇವಳ ಹಣೆಬರಹ. ಬನ್ನಿ, ಅದನ್ನೂ ನೋಡಿ."

ಅವಳು ಬಟ್ಟೆ ಒಗೆಯುತ್ತಿದ್ದವಳು ಹೊರಗೆ ಬಂದು, ಭಾವನ ಮುಖಕ್ಕೇ ಕದ ಎಳೆದುಕೊಂಡಳು. ಮೊಣಕೈವರೆಗೆ ನೊರೆ.

ಅವನು ಎಲ್ಲ ಹೇಳಿದ. ಅವಳು ಕೈಯ ನೊರೆಯನ್ನೂ ಒರೆಸಿಕೊಳ್ಳದೆ ನಿಂತು ಕೇಳಿಸಿಕೊಂಡಳು.

"ಯಜಮಾನರಿಗೆ?"

"ಹೇಳಿದೆ. ಎಲ್ಲರೆದುರು. ತಪ್ಪು ನನ್ನದು ಅಂತ."

"ನನ್ನ ಕೆಲಸ?"

ಅವನು ನೆಲ ನೋಡಿದ. "ಷಡ್ಡಕನ್ನ ಎಬ್ಬಿಸೋಕಾಗಲ್ಲ ಅಂದ್ರು."

ಅವಳು ನಕ್ಕಳು. ಕೆಟ್ಟ ನಗು.

"ನೀವು ಅವತ್ತು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ ಗೊತ್ತಾ? ನೀವು ಬೇಕಾಗಿದ್ರಿ ನನಗೆ. ಯಾರಿಗೂ ಹೇಳದೆ ಇಟ್ಕೊಂಡಿದ್ದೆ. ಅದನ್ನೇ ಎತ್ತಿ ತೋರಿಸಿ ನನ್ನನ್ನ ಸುಳ್ಳಿ ಮಾಡಿದ್ರಲ್ಲ!"

ಅವನು ಈಗ ನೆಲದಿಂದ ಕಣ್ಣೆತ್ತಿದ.

"ನೀವು ನೆಪ ಮಾಡಿ ಕರೆಸ್ತಿದೀರಿ ಅಂದ್ಕೊಳ್ಳೋಕೆ... ನನಗೆ ಖುಷಿಯಾಗ್ತಿತ್ತು. ಅದಕ್ಕೇ ತಪ್ಪು ಹುಡುಕಲಿಲ್ಲ. ಸಿಕ್ಕಿಬಿಟ್ರೆ ನೀವು ಮತ್ತೆ ಕರೆಯಲ್ಲ ಅಲ್ವಾ? ನನಗೂ ನೀವು ಬೇಕಾಗಿದ್ರಿ. ಈಗಲೂ..."

ಒಳಗೆ ಭಾವ ಕೆಮ್ಮಿದ. ಅವಳು ಕೈಯ ನೊರೆಯನ್ನು ಅವನ ಇಸ್ತ್ರಿ ಅಂಗಿಗೆ ನಿಧಾನವಾಗಿ ಒರೆಸಿದಳು. ಅವನು ಕದಲಲಿಲ್ಲ.

"ಕ್ಷಮಿಸ್ತೀರಾ?"

"ಇಲ್ಲ."

"ಹಾಗಾದ್ರೆ... ಹೊರಡ್ಲಾ?"

"ಹೊರಡಿ ಅಂದ್ನಾ ನಾನು?" ಅವಳ ದನಿ ಒಡೆಯಿತು. "ನಾಳೆ ಇನ್ನೊಂದು ಕಡೆ ಕೆಲಸ ಕೇಳೋಕೆ ಹೋಗ್ತಿದೀನಿ. ಜೊತೆಗೆ ಬನ್ನಿ. ಆದ್ರೆ ಒಳಗೆ ಬರಬೇಡಿ. ಬೀದಿಯಲ್ಲೇ ನಿಂತಿರಿ."

"ಎಷ್ಟು ಹೊತ್ತಾದ್ರೂ ನಿಲ್ತೀನಿ."

"ಬಿಸಿಲಲ್ಲೇ ನಿಲ್ಬೇಕು. ನೆರಳು ಹುಡುಕ್ಕೊಂಡು ಹೋದ್ರೆ ನೋಡಿ!"

"ಹೋಗಲ್ಲ."

ಅವಳು ಕಣ್ಣೊರೆಸಿಕೊಂಡಳು.

"ಛತ್ರಿ ನನ್ನ ಹತ್ರ ಇರುತ್ತೆ. ಕೊಡ್ಬೇಕೋ ಬೇಡ್ವೋ... ಹೊರಗೆ ಬಂದ್ಮೇಲೆ ನಿಮ್ಮ ಮುಖ ನೋಡಿ ಹೇಳ್ತೀನಿ."