ದೊಡ್ಡದಾದ ದೀಪ

ಔಡಲೆಣ್ಣೆಯ ಬತ್ತಿ ಆರಿದಾಗಿನ ಕಮಟು ವಾಸನೆ ನನಗೆ ಚಿಕ್ಕಂದಿನಿಂದ ಗೊತ್ತು. ಅದೇ ವಾಸನೆ ಕಳೆದ ವರ್ಷ ಡಂಬಳದ ಕೆರೆ ದಂಡೆಯಲ್ಲಿ, ಜೀಪಿಗೆ ಕಟ್ಟಿ ಎಳೆಯುವ ನಮ್ಮ ಗಾಡಿಮನೆಯೊಳಗೆ ಬಂತು.

ಗಾಡಿಯ ಹಳೆಯ ಸೋಲಾರ್ ಚಾರ್ಜರ್ ನನ್ನ ತಲೆ ತಿಂದಿತ್ತು. ದಿನವಿಡೀ ಗುಂಯ್‌ಗುಟ್ಟಿದರೂ ಬ್ಯಾಟರಿ ತುಂಬುತ್ತಿರಲಿಲ್ಲ. ಜೊತೆಗಿದ್ದ ಗೆಳತಿ ಗುಲಾಬಬಿಗೆ ದಮ್ಮು; ಅವಳ ಆಕ್ಸಿಜನ್ ಯಂತ್ರ ರಾತ್ರಿ ನಿಲ್ಲುವಂತಿಲ್ಲ. ಅದಕ್ಕೇ ಗದಗಿನಿಂದ ಎಲೆಕ್ಟ್ರಿಷಿಯನ್ ಶಾನವಾಜನನ್ನು ಕರೆಸಿದ್ದೆ. ಆತ ಮೊದಲು ನನಗೆ ಕೂರಲು ತನ್ನ ಶಾಲು ಹಾಸಿ, ಆಮೇಲೆ ಹಳೆಯ ಚಾರ್ಜರ್, ಬ್ಯಾಟರಿ ಎರಡನ್ನೂ ಬಿಚ್ಚಿ ಹೊರಗಿಟ್ಟ. ಗಾಡಿಗೆ ಬೇರೆ ಕರೆಂಟಿರಲಿಲ್ಲ; ಆದರೂ ಒಳಗಿನ ಬಲ್ಬು ಮಿಣುಕುತ್ತಲೇ ಇತ್ತು.

"ದೀಪ ದೊಡ್ಡದು ಮಾಡಪಾ," ಎಂದೆ ಬೇಸತ್ತು. ಮುಸ್ಸಂಜೆಯಲ್ಲಿ ಆರಿಸು ಎನ್ನಬಾರದೆಂದು ನಮ್ಮಲ್ಲಿ ಹೀಗೆ ಹೇಳುತ್ತಾರೆ.

ಬಲ್ಬು ಝಗ್ಗನೆ ಬೆಳಗಿತು.

"ಚ್ಯಾಷ್ಟಿ ಮಾಡಬ್ಯಾಡ ತಮ್ಮಾ."

"ನಾ ಏನೂ ಮಾಡಿಲ್ರಿ ಅಮ್ಮಾರ. ಹೊಸಾ ಚಾರ್ಜರ್ ಇನ್ನೂ ಡಬ್ಬ್ಯಾಗ ಐತಿ."

ಬಲ್ಬು ಮುಟ್ಟಿದೆ. ನೀರಿನೊಳಗಿನ ಕಲ್ಲಿನಂತೆ ತಣ್ಣಗಿತ್ತು; ಆರಿದ ಬತ್ತಿಯ ಆ ಕಮಟು ಅದರಿಂದಲೇ ಬರುತ್ತಿತ್ತು.

"ಇದು ಯಾವೂರಿಂದೋ ಅಕ್ಕಾ, ನಮ್ಮ ಮಾತು ತಿಳಿಯವಲ್ದು," ಎಂದು ಬಾಗಿಲ ಮೆಟ್ಟಿಲ ಮೇಲೆ ಕುಳಿತಿದ್ದ ಗುಲಾಬಬಿ ನಕ್ಕಳು.

"ಹಂಗಾದ್ರ ಆರಸಂತನ ಹೇಳ್ತೀನಿ."

"ಬ್ಯಾಡ," ಎನ್ನುತ್ತ ಅವಳು ಮೂಗಿನ ನಳಿಗೆ ತೋರಿಸಿದಳು. ಗಾಡಿಯ ಕರೆಂಟಿಗೇ ಜೋಡಿಸಿದ ಅವಳ ಯಂತ್ರವೂ ಓಡುತ್ತಿತ್ತು.

ಶಾನವಾಜ ಹೊಸ ಚಾರ್ಜರಿನ ಡಬ್ಬಿ ಬಿಚ್ಚಲೇ ಇಲ್ಲ. ಗುಲಾಬಬಿ ನಮ್ಮಿಬ್ಬರಿಗೆ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಆಮೇಲೆ ಇನ್ನೊಂದು ತಟ್ಟೆ ತುಂಬಿ, ಯಾರೂ ಇಲ್ಲದ ಗಾಡಿಯೊಳಕ್ಕೆ ಚಾಚಿದಳು. ಅವಳ ಕೈ ಖಾಲಿಯಾಗಿ ಹೊರಬಂತು.