ಹದಿನೇಳನೇ ಹೆಜ್ಜೆ

ಋತುಜಾಳಿಗೆ ಅವನು ಕಾಣಿಸುತ್ತಿದ್ದದ್ದು ಹದಿನೇಳನೇ ಹೆಜ್ಜೆಗೆ. ಅದಕ್ಕಿಂತ ಮೊದಲು ಇಲ್ಲ. ಆಮೇಲೆ ಏನಾಗುತ್ತಿತ್ತೋ ಗೊತ್ತಿಲ್ಲ, ಯಾಕೆಂದರೆ ಎಂಟು ತಿಂಗಳಿಂದ ಅವಳು ಹದಿನೆಂಟಕ್ಕೆ ಹೋಗಿದ್ದೇ ಇಲ್ಲ.

ಕರಾಟೆ ಕಲಿಯದವರಿಗೆ ಒಂದು ಮಾತು ಹೇಳಿಬಿಡಬೇಕು. ಕಟಾ ಅಂದರೆ ಎದುರಾಳಿ ಇಲ್ಲದ ಜಗಳ. ಇಂಥ ಹೆಜ್ಜೆ, ಇಂಥ ತಿರುವು, ಇಂಥ ಗುದ್ದು ಎಂದು ಎಲ್ಲ ಮೊದಲೇ ಗೊತ್ತುಮಾಡಿದ್ದು. ಹೊಡೆಯುವವರು ಇರುತ್ತಾರೆ, ಹೊಡೆಸಿಕೊಳ್ಳುವವರನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಬೇಕು. ಋತುಜಾಳ ಕಟಾದಲ್ಲಿ ಇಪ್ಪತ್ತಾರು ಹೆಜ್ಜೆ. ಹದಿನೇಳನೆಯದು, ಹಿಂದಿನಿಂದ ಬಂದವನ ಕಡೆ ಸರಕ್ಕನೆ ತಿರುಗಿ ಎದೆಗೆ ಗುದ್ದುವುದು. ತಿರುಗಿದಾಗಲೆಲ್ಲ ಅಲ್ಲಿ ಯಾರೋ ನಿಜವಾಗಿಯೂ ನಿಂತಿರುತ್ತಿದ್ದರು.

ಎತ್ತರದ ಆಕಾರ. ಮುಖವಿಲ್ಲ. ಅಂದರೆ ಮುಖದ ತನಕ ಕಣ್ಣೆತ್ತುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ಒಂದು ಸಂಜೆ ವಿದ್ಯಾನಗರದ ಬಾಡಿಗೆ ಮನೆಯ ಮಾಳಿಗೆಯ ಮೇಲೆ, ಒಣಹಾಕಿದ ಬಟ್ಟೆಗಳ ನಡುವೆ ತಿರುಗಿದಾಗ, ತಂತಿಯ ಮೇಲಿನ ಬೆಡ್‌ಶೀಟು ಗಾಳಿಯೇ ಇಲ್ಲದೆ ಒಳಕ್ಕೆ ತಗ್ಗಿತು, ಆ ಕಡೆಯಿಂದ ಯಾರೋ ಹೆಗಲು ಒರಗಿಸಿದ ಹಾಗೆ. ಬಟ್ಟೆ ತೆಗೆಯಲು ಬಕೆಟ್ ಹಿಡಿದು ಬಂದ ರೂಮ್‌ಮೇಟ್ ನಜ್ಮಾ ಮೆಟ್ಟಿಲ ಮೇಲೇ ನಿಂತುಬಿಟ್ಟಳು.

"ಮೂರ್ಸಂಜಿ ಹೊತ್ತಿನ್ಯಾಗ ಇಲ್ಲಿ ನಿಂತು ಯಾರನ್ನ ಮಾತಾಡಸಾಕತ್ತಿ?"

"ನಾ ಎಲ್ಲಿ ಮಾತಾಡಿದೆ?"

"ಬಾಯಿ ಅಲ್ಲಾಡಾಕತ್ತಿತ್ತಲ್ಲ," ಅಂದಳು ನಜ್ಮಾ. ಆವತ್ತಿನಿಂದ ಬಟ್ಟೆಗಳನ್ನು ಮಧ್ಯಾಹ್ನವೇ ತೆಗೆಯತೊಡಗಿದಳು.

ಋತುಜಾ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ. ಶಿಫ್ಟಿನ ಕೆಲಸ, ಹಾಗಾಗಿ ಅಪ್ಪ ಅಮ್ಮನನ್ನು ಧಾರವಾಡದಲ್ಲಿ ಬಿಟ್ಟು ಇಲ್ಲಿ ಇದ್ದಳು. ದೆವ್ವ ಭೂತ ಎಂದರೆ ನಗುವವಳು. ಆದರೆ ಜಿಲ್ಲಾ ಮಟ್ಟದ ಸ್ಪರ್ಧೆಯಲ್ಲಿ ಎರಡು ಸಲ ಎಲ್ಲರ ಮುಂದೆ ಹದಿನೇಳಕ್ಕೆ ಮರಗಟ್ಟಿ ನಿಂತ ಮೇಲೆ ನಗು ಬರುವುದು ನಿಂತಿತ್ತು.

ಈಗ ಭಾನುವಾರ ಸಂಜೆ ದ್ರಾಕ್ಷಾಯಿಣಿ ಅಕ್ಕೋರ ಮುಂದೆ ನಿಲ್ಲಬೇಕಿತ್ತು. ಎಪ್ಪತ್ತು ದಾಟಿದ ಈ ಕರಾಟೆ ಗುರುವಿನ ಹೆಸರು ಕೇಳಿದರೆ ಬೇರೆ ರಾಜ್ಯದ ಕೋಚುಗಳೂ ಎದ್ದು ನಿಲ್ಲುತ್ತಿದ್ದರು. ಹನ್ನೆರಡು ವರ್ಷದವಳಿದ್ದಾಗ ಅವರನ್ನು ವೇದಿಕೆಯ ಮೇಲೆ ನೋಡಿದ್ದ ದಿನದಿಂದ, ಅವರ ಕೈಯಲ್ಲಿ ಕಲಿಯಬೇಕು ಎಂಬುದೊಂದೇ ಋತುಜಾಳ ಆಸೆ. ಅಕ್ಕೋರದು ಒಂದೇ ನಿಯಮ. ಹೊಸಬರ ಒಂದು ಕಟಾ ನೋಡುತ್ತಾರೆ. ನಡುವೆ ಕೈ ಇಳಿಸಿ ನಿಂತರೆ ಮನೆಗೆ ಕಳಿಸುತ್ತಾರೆ, ಎರಡನೇ ಸಲ ಯಾರನ್ನೂ ಕರೆದದ್ದಿಲ್ಲ.

ಈ ಭೇಟಿ ಗೊತ್ತುಮಾಡಿದವನು ಬೀರಲಿಂಗ. ಹಗಲು ತಾರಿಹಾಳದ ವರ್ಕ್‌ಶಾಪಿನಲ್ಲಿ ಲೋಹ ಕಡೆಯುವ ಲೇಥ್ ನಡೆಸುವುದು, ಸಂಜೆ ಋತುಜಾ ಹೋಗುವ ವಿದ್ಯಾನಗರದ ಕರಾಟೆ ಕ್ಲಾಸಿನಲ್ಲಿ ಕಲಿಸುವುದು. ಆರು ವರ್ಷ ಅಕ್ಕೋರ ಶಿಷ್ಯನಾಗಿದ್ದವನು. ಮಷಿನ್ನಿನ ಮುಂದೆ ಬಾಗಿ ಬಾಗಿ ಅವನ ಎಡ ಹೆಗಲು ಬಲಕ್ಕಿಂತ ಬೆರಳಷ್ಟು ಇಳಿದಿತ್ತು. ಕ್ಲಾಸಿನ ಮಕ್ಕಳು ಹಿಂದಿನಿಂದ "ಇಳಿಜಾರ ಸರ್" ಅನ್ನುತ್ತಿದ್ದರು. ಋತುಜಾ ಆ ಮಕ್ಕಳನ್ನು ಗದರಿಸುತ್ತಿದ್ದಳು, ಆಮೇಲೆ ತಾನೇ ಆ ಹೆಗಲನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡುತ್ತಿದ್ದಳು.

ಭಾನುವಾರ ಐದು ಗಂಟೆಗೆ ಚಹಾದಂಗಡಿಯ ಮುಂದೆ ಅವನು ಬೈಕು ನಿಲ್ಲಿಸಿದಾಗ ಅವಳು ಕೂತಲ್ಲಿಂದ ಏಳಲಿಲ್ಲ.

"ಸರ್, ನಾ ಬರೂದಿಲ್ರಿ."

"ಬೈಕಿಗೆ ಪೆಟ್ರೋಲ್ ಹಾಕಿಸೇನಲ್ರಿ ಮೇಡಂ."

"ನಾಳೆ ವರ್ಕ್‌ಶಾಪಿಗೆ ಹೋಗ್ಲಿಕ್ಕೆ ಆಗ್ತದ."

ಅವನು ಎರಡು ಚಹಾ ಹೇಳಿ ಎದುರಿಗೆ ಕೂತ. "ಅಕ್ಕೋರ ಅಂಜಿಕಿ ಏನ್ರಿ?"

"ಅಕ್ಕೋರದಲ್ಲ." ಋತುಜಾ ಚಹಾದ ಕಪ್ಪನ್ನು ತಿರುಗಿಸುತ್ತ ಕೂತಳು. ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. "ಹದಿನೇಳಕ್ಕ ತಿರುಗಿದಾಗ ಅಲ್ಲಿ ಯಾರೋ ನಿಂತಿರ್ತಾರ್ರಿ. ನಗಬ್ಯಾಡ್ರಿ."

ಅವನು ನಗಲಿಲ್ಲ. "ಮುಖ ಕಂಡೈತೇನ್ರಿ?"

"ಇಲ್ಲ."

"ನಿಮಗ ಏನಾರ ಮಾಡಾಕ ಬರತಾರ?"

"ಏನೂ ಮಾಡೂದಿಲ್ಲ. ಸುಮ್ಮನ ನಿಂತಿರ್ತಾನ. ಅದಕ್ಕ ಹೆದರಿಕಿ."

"ನಿಂತಿರ್ತಾನ," ಅಂದ ಬೀರಲಿಂಗ. "ಗಂಡಸು ಅಂತ ಹೆಂಗ ಗೊತ್ತಾತ್ರಿ?"

ಅವಳ ಕಿವಿ ಬಿಸಿಯಾಯಿತು. ಅವನು ಅವಳನ್ನೇ ನೋಡಿದ, ಅವಳು ನೋಡಿದಾಗ ಚಹಾ ನೋಡಿದ.

"ನಾ ಬಾಗಲದಾಗ ನಿಂತಿರತೇನ್ರಿ ಮೇಡಂ. ಅಂವಾ ಹೊರಗ ಓಡಿ ಬಂದ್ರ ನಾ ಹಿಡಿತೇನಿ."

ಆ ದಿನ ಅವಳು ನಕ್ಕದ್ದು ಅದೇ ಮೊದಲು. ನಕ್ಕ ಮೇಲೆ ಏಳಲೇಬೇಕಾಯಿತು.

ಬೆಂಗೇರಿಯ ಅಂಚಿನಲ್ಲಿ, ಮನೆಗಳು ಮುಗಿಯುವ ಕಡೆ, ಅಕ್ಕೋರ ಹಾಲ್. ಒಂದಾನೊಂದು ಕಾಲದಲ್ಲಿ ಹತ್ತಿಯ ಗೋದಾಮು. ಹತ್ತಿ ಹೋಗಿ ಎಷ್ಟೋ ವರ್ಷವಾದರೂ ಮೇಲಿನ ತೊಲೆಗಳಲ್ಲಿ ಅದರ ಎಳೆಗಳು ಹಾಗೇ ಸಿಕ್ಕಿಕೊಂಡಿದ್ದವು. ಬಾಗಿಲು ತೆರೆದ ಕೂಡಲೇ ಒಂದೆರಡು ಬಿಡಿಸಿಕೊಂಡು ಇಳಿಯತೊಡಗಿದವು. ಬೆಳಕು ಆಗಲೇ ಕಂದುತ್ತಿತ್ತು. ಯಾರೂ ಲೈಟು ಹಾಕಲಿಲ್ಲ.

ಕಾಲುಚೀಲ, ಸ್ವೆಟರು, ದಪ್ಪ ಕನ್ನಡಕ. ಪೆನ್ಶನ್ ತರಲು ಹೊರಟ ಯಾವುದೋ ಅಜ್ಜಿಯ ಹಾಗೆ ಕಾಣುವ ಸಣ್ಣ ಹೆಂಗಸು ಸ್ಟೂಲಿನ ಮೇಲೆ ಕೂತಿದ್ದರು. ಅವರೇ ದ್ರಾಕ್ಷಾಯಿಣಿ ಅಕ್ಕೋರು.

"ಚಾ ಕುಡದು ಬಂದ್ಯೇನವಾ? ಛಲೋ ಆತು. ಅಲ್ಲಿ ನಿಲ್ಲು."

ಋತುಜಾ ನೆಲ ನೋಡಿದಳು. ಶಹಾಬಾದ ಕಲ್ಲು ಹಾಸಿದ ಫರಸಿ. ನಡುವೆ ಒಂದು ಕಲ್ಲಿನ ಮೇಲೆ ಎರಡು ಪಾದದಗಲ ಸವೆದು ತಗ್ಗು ಬಿದ್ದಿತ್ತು. ನಲವತ್ತು ವರ್ಷ ಒಬ್ಬರೇ ನಿಂತು ಮಾಡಿದರೆ ಕಲ್ಲು ಸವೆಯದೆ ಇರುತ್ತದೆಯೇ? ಆದರೆ ಅದಕ್ಕೆ ಎದುರಾಗಿ, ಒಂದೂವರೆ ಮಾರು ದೂರದಲ್ಲಿ, ಇನ್ನೆರಡು ತಗ್ಗು. ಇವಕ್ಕಿಂತ ದೊಡ್ಡ ಪಾದದವು.

"ನಿಮ್ಮ ಜೋಡಿ ಯಾರು ಪ್ರಾಕ್ಟೀಸ್ ಮಾಡ್ತಾರ್ರಿ ಅಕ್ಕೋರ?"

"ಯಾರೂ ಇಲ್ಲ. ನಾ ಒಬ್ಬಾಕಿನ," ಅಂದರು ಅಕ್ಕೋರು. "ಸುರು ಮಾಡು."

ಬಾಗಿಲ ಹತ್ತಿರ ಬೀರಲಿಂಗ ಹೇಳಿದಂತೆಯೇ ನಿಂತಿದ್ದ. ಅವನತ್ತ ಒಮ್ಮೆ ನೋಡಿ ಋತುಜಾ ನಮಸ್ಕರಿಸಿ ಮೊದಲ ಹೆಜ್ಜೆ ಇಟ್ಟಳು. ಐದು, ಒಂಬತ್ತು, ಹನ್ನೆರಡು. ದೇಹಕ್ಕೆ ದಾರಿ ಗೊತ್ತಿತ್ತು. ಹದಿನಾರಕ್ಕೆ ಬೆನ್ನ ಹಿಂದೆ ಗಾಳಿ ಬಿಗಿಯಿತು, ಯಾರೋ ಉಸಿರು ಹಿಡಿದಾಗ ಆಗುವ ಹಾಗೆ. ಅವಳು ತಿರುಗಿದಳು.

ನಿಂತಿದ್ದ. ಎಂದೂ ಇಷ್ಟು ಸ್ಪಷ್ಟವಾಗಿ ನಿಂತಿರಲಿಲ್ಲ. ಅವಳ ಮುಷ್ಟಿ ಅರ್ಧ ದಾರಿಗೆ ಹೋಗಿ ನಿಂತಿತು. ಮೇಲಿನಿಂದ ಇಳಿಯುತ್ತಿದ್ದ ಹತ್ತಿಯ ಎಳೆಯೊಂದು ಆ ಮುಷ್ಟಿಯ ಮುಂದೆ, ಏನೂ ಇಲ್ಲದ ಜಾಗದಲ್ಲಿ, ಬಟ್ಟೆಗೆ ಅಂಟಿದ ಹಾಗೆ ನಿಂತುಬಿಟ್ಟಿತು.

"ಕೈ ಇಳಸಬ್ಯಾಡ," ಅಂದರು ಅಕ್ಕೋರು. "ಇಳಿಸಿದ್ರ ಮುಗೀತು. ಹಂಗ ಇರು."

ಸ್ಟೂಲಿನಿಂದ ಎದ್ದು ಬಂದರು. ಖಾಲಿ ಜಾಗವನ್ನು ಸುತ್ತಿದರು, ದರ್ಜಿ ಅಳತೆ ನೋಡುವ ಹಾಗೆ.

"ನಿನಗಿಂತ ಒಂದು ಗೇಣು ಎತ್ತರ ಅದಾನ."

"ನಿಮಗೂ ಕಾಣ್ತಾನೇನ್ರಿ?"

"ನಾ ನಿನ್ನ ನೋಡಾಕತ್ತೇನಿ. ನಿನ್ನ ಕಣ್ಣು ಎಲ್ಲಿ ನಿಂತಾವು, ಮುಷ್ಟಿ ಎಲ್ಲಿ ನಿಂತೈತಿ, ಅದರಾಗ ಅಂವಾ ಕಾಣ್ತಾನ." ಅವರು ಬಗ್ಗಿ ನೋಡಿದರು. "ನಿನ್ನ ಮುಷ್ಟಿ ನೆಟ್ಟಗ ಹೋಗಿಲ್ಲ, ವಾರಿ ಆಗೈತಿ. ಯಾಕಂದ್ರ ಅವನ ಒಂದು ಹೆಗಲ ಇಳದೈತಿ. ಎಡಗಡಿದು."

ಬಾಗಿಲ ಕಡೆ ಅಂಗಿ ಸರಿದ ಸಣ್ಣ ಸದ್ದಾಯಿತು.

"ಏ ಬೀರಲಿಂಗ," ಅಕ್ಕೋರು ಬಾಗಿಲ ಕಡೆ ತಿರುಗದೆಯೇ ಅಂದರು, "ನೀ ಯಾಕ ಹೆಗಲ ಸರಿ ಮಾಡ್ಕೊಳ್ಳಾಕತ್ತೀಪಾ?"

ಋತುಜಾ ಆಗ ಎದುರಿನ ಆಕಾರದ ಮುಖಕ್ಕೆ ಕಣ್ಣೆತ್ತಿದಳು. ಎಂಟು ತಿಂಗಳು ನೋಡದೆ ಉಳಿಸಿಕೊಂಡಿದ್ದ ಮುಖ. ಗದ್ದದ ಹತ್ತಿರ ಕಾದ ಲೋಹದ ಚೂರು ಸಿಡಿದ ಸಣ್ಣ ಕಲೆ. ನಗುವ ಮೊದಲು ಒಂದು ಕಡೆಗೆ ಸರಿಯುವ ತುಟಿ. ಬೀರಲಿಂಗನದೇ. ಅವನು ವಿದ್ಯಾನಗರದ ಕ್ಲಾಸಿಗೆ ಬಂದು ಎಂಟು ತಿಂಗಳಾಗಿತ್ತು. ದಿನವಿಡೀ ರಕ್ತದ ಕಣ ಎಣಿಸುವ ಹುಡುಗಿ ಈ ಲೆಕ್ಕವನ್ನು ಮಾತ್ರ ಹಾಕಿರಲಿಲ್ಲ.

ನಾಚಿಕೆಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ತೋಳು ಇಳಿಸಿದರೆ ಎಲ್ಲ ಮುಗಿಯುತ್ತದೆ, ಹನ್ನೆರಡನೇ ವರ್ಷದಿಂದ ಕಾದದ್ದೂ, ಈ ನಾಚಿಕೆಯೂ. ಇಳಿಸಿ ಓಡಿಬಿಡಲೇ ಎಂದುಕೊಂಡಳು.

"ಹೊಡಿಯಾಕ ಬಂದಾಂವ ಅಲ್ಲ ಇಂವಾ. ಅದಕ್ಕ ನಿನ್ನ ಕೈ ಏಳವಲ್ದು," ಅಕ್ಕೋರ ದನಿ ಸಣ್ಣದಾಯಿತು. "ಆ ಕಲ್ಲ ನೋಡಿದೆಲ್ಲ? ಅಲ್ಲಿ ನಿಲ್ಲಾವ್ರು ಹನ್ನೆರಡು ವರ್ಷ ಖರೇನ ನನ್ನ ಎದುರಿಗೆ ನಿಂತು ಕಲಿತವ್ರು. ಒಂದು ಮಾತು ಹೇಳೂದಿತ್ತು ನನಗ. ನಾಳಿಗೆ ಹೇಳಿದ್ರಾತು ಅಂದೆ. ಹಂಗ ಅನಕೋಂತ ಇದ್ದಾಗ ಅವರು ತೀರಿಕೊಂಡ್ರು. ಈಗ ದಿನಾ ಬರತಾರ."

ಹೊರಗೆ ಬೆಳಕು ಇನ್ನಷ್ಟು ಇಳಿಯಿತು. ಎದುರಿನ ಆಕಾರ ಕದಲಲಿಲ್ಲ, ಏನನ್ನೋ ಕೇಳಿಸಿಕೊಳ್ಳಲು ನಿಂತವರ ಹಾಗಿತ್ತು. ಋತುಜಾಳಿಗೆ ಹೆದರಿಕೆಯಾಯಿತು, ಈ ಸಲ ಅವನಿಗಲ್ಲ. ಹೇಳದಿದ್ದರೆ ಇನ್ನು ಮೂವತ್ತು ವರ್ಷದ ಮೇಲೂ ಮಾಳಿಗೆಯ ಮೇಲೆ ಬಟ್ಟೆಗಳ ನಡುವೆ ಅವನು ಹೀಗೇ ಬಂದು ನಿಲ್ಲುತ್ತಾನಲ್ಲ ಎಂದು.

ಬಾಗಿಲಿಗೆ ಬೆನ್ನು ಹಾಕಿ, ಖಾಲಿ ಜಾಗಕ್ಕೆ ಅವಳು ಹೇಳಿದಳು. "ನೀವು ಕ್ಲಾಸಿಗೆ ಬರದ ದಿನ ನನಗ ಊಟ ಸೇರೂದಿಲ್ಲ. ಕಲಿಲಿಕ್ಕೆ ಬಂದೆ ಅಂತ ಸುಳ್ಳ ಹೇಳ್ತೀನಿ, ನಿಮ್ಮನ್ನ ನೋಡ್ಲಿಕ್ಕೆ ಬರ್ತೀನಿ. ನನಗ ನೀವು ಬೇಕು, ಬೀರಲಿಂಗ."

ಸರ್ ಎಂಬುದು ಬಿಟ್ಟುಹೋಗಿತ್ತು. ಎದುರಿನಿಂದ ಉತ್ತರ ಬರಲಿಲ್ಲ. ಬೆನ್ನ ಹಿಂದಿನಿಂದ ಬಂತು.

"ನಾನೂ ಹೇಳಾಂವ ಇದ್ದೆ. ನಿಮ್ಮದು ಬ್ಲ್ಯಾಕ್ ಬೆಲ್ಟ್ ಆಗಲಿ, ಆಮ್ಯಾಲ ಅಂತ..."

"ಇಂವಾನೂ ಆಮ್ಯಾಲ ಅನ್ನಾಂವ," ಅಂದರು ಅಕ್ಕೋರು. "ಬಾ. ಆಕಿ ಮುಂದ ನಿಲ್ಲು."

ಬೀರಲಿಂಗ ಬಂದ. ಬಂದು ಆ ಜಾಗದಲ್ಲೇ ನಿಂತ, ಅಂಗಿಯೊಳಗೆ ಮೈ ತೂರಿಸಿದಷ್ಟು ಸರಿಯಾಗಿ. ಗಾಳಿಯಲ್ಲಿ ನಿಂತಿದ್ದ ಹತ್ತಿಯ ಎಳೆ ಈಗ ಅವನ ಅಂಗಿಯ ಮೇಲಿತ್ತು. ಅವನ ಕಣ್ಣು ಅವಳ ಕಣ್ಣಿನಲ್ಲಿ ಸಿಕ್ಕಿಕೊಂಡಿತು, ಇಬ್ಬರೂ ಬಿಡಿಸಿಕೊಳ್ಳಲಿಲ್ಲ.

"ಹದಿನೇಳು," ಅಂದರು ಅಕ್ಕೋರು.

ಅವಳು ಗುದ್ದಿದಳು. ಪೂರ್ತಿ ಬಲ ಹಾಕಿ ಗುದ್ದಿ, ಅಂಗಿ ತಾಗುವಲ್ಲಿಗೆ ಹಿಡಿದು ನಿಲ್ಲಿಸಿದಳು. ಅವನು ರೆಪ್ಪೆ ಬಡಿಯಲಿಲ್ಲ. ಆದರೆ ಬೆರಳ ಗಂಟುಗಳ ಕೆಳಗೆ ಅವನ ಎದೆ ಬಡಿದುಕೊಳ್ಳುತ್ತಿದ್ದುದು ಅವಳಿಗೆ ಚೆನ್ನಾಗಿ ತಿಳಿಯಿತು.

"ಇಷ್ಟ್ಯಾಕ ಜೋರ ಬಡಕೊಳ್ಳಿಕತ್ತದ್ರಿ?" ಅಂದಳು ಪಿಸುಮಾತಿನಲ್ಲಿ.

"ನನಗೂ ಅಂಜಿಕಿ ಇರತೈತ್ರಿ ಮೇಡಂ."

"ಮಾತು ಆಮ್ಯಾಲ. ಇನ್ನ ಒಂಬತ್ತು ಉಳದಾವು. ಸರಿಯೋ ಹುಡುಗಾ."

ಅವನು ಸರಿದ. ಉಳಿದ ಒಂಬತ್ತನ್ನು ಋತುಜಾ ಮಾಡಿ ಮುಗಿಸಿದಳು. ತಿರುಗಿದ ಕಡೆಯೆಲ್ಲ ಬರೀ ಗೋಡೆ, ಬರೀ ಕತ್ತಲಾಗುತ್ತಿದ್ದ ಕಿಟಕಿ. ನಮಸ್ಕರಿಸಿ ನಿಂತಾಗ ಅಕ್ಕೋರು ಕನ್ನಡಕ ತೆಗೆದು ಸ್ವೆಟರಿನ ತುದಿಯಿಂದ ಒರೆಸಿಕೊಳ್ಳುತ್ತಿದ್ದರು.

"ನಾಳೆ ಮುಂಜಾನೆ ಐದೂವರಿಗೆ ಬಾ. ತಡ ಮಾಡಿದ್ರ ಬಾಗಲ ತಗಿಯೂದಿಲ್ಲ."

ಹನ್ನೆರಡನೇ ವರ್ಷದಿಂದ ಕಾದ ಮಾತು ಇಷ್ಟು ಸಣ್ಣದಾಗಿತ್ತು. ಪಾದ ಮುಟ್ಟಲು ಬಗ್ಗಿದವಳು, ಎದ್ದು, ಕೇಳಬಾರದೆಂದುಕೊಂಡೇ ಕೇಳಿದಳು.

"ಅಕ್ಕೋರ, ನೀವೂ ಹೇಳಿಬಿಟ್ರ ಅವರು ಹೋಗ್ತಾರಲ್ರಿ?"

"ಹೋಗತಾರ," ಅಂದರು ಅಕ್ಕೋರು. "ಅದಕ್ಕ ಹೇಳಿಲ್ಲ."

ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಮುಚ್ಚಿಕೊಂಡರು. ಚಪ್ಪಲಿ ಹಾಕಿಕೊಳ್ಳುತ್ತಿದ್ದ ಋತುಜಾಳಿಗೆ ಒಳಗಿನಿಂದ ಅವರ ದನಿ ಕೇಳಿಸಿತು. ಅಷ್ಟು ಮೆತ್ತಗೆ ಅವರು ಆ ಸಂಜೆ ಮಾತಾಡಿರಲಿಲ್ಲ.

"ಬರ್ರಿ. ಇವತ್ತ ಸ್ವಲ್ಪ ತಡಾತು."

ಆಮೇಲೆ ಫರಸಿಯ ಮೇಲೆ ಕಾಲು ಸರಿದ ಸದ್ದು. ಎರಡು ಕಡೆಯಿಂದ.

ಬೀರಲಿಂಗ ಅವಳನ್ನು ನೋಡಿದ. ಋತುಜಾ ಅವನ ಕೈ ಹಿಡಿದುಕೊಂಡಳು. ಬೆಚ್ಚಗಿತ್ತು, ಒರಟಾಗಿತ್ತು, ಬೆರಳ ಸಂದಿಯಲ್ಲಿ ಎಣ್ಣೆಯ ಕಪ್ಪು ಹಾಗೇ ಇತ್ತು.

"ಧಾರವಾಡಕ್ಕ ನಡೀರಿ," ಅಂದಳು. "ಅಪ್ಪಗ ಹೇಳೂಣು."

"ಈಗೇನ್ರಿ? ಈ ಅಂಗಿ ಮ್ಯಾಲ? ಮುಂದಿನ ರವಿವಾರ ಛಂದಂಗ ತಯಾರಾಗಿ ಹೋದ್ರ..."

"ಈಗ," ಅಂದಳು ಋತುಜಾ, ಕೈ ಬಿಡದೆ.