ಸಾವಿರದವನು

"ಸೆಕೆಂಡಿಗೆ ಎಷ್ಟು ಸಲ ಎಬ್ಬಿಸಿದ್ರೆ ಈ ಸರ್ವರಿಗೆ ಹಿತ ಆಗ್ತೈತೆ?"

ಶ್ರುತಿ ಯಾರನ್ನೂ ಕೇಳಿರಲಿಲ್ಲ. ಮೊಳಕಾಲ್ಮೂರಿನ ಆ ಪಡಸಾಲೆಯಲ್ಲಿ ಅವ್ವ ಪಾಲಮ್ಮ ಮಗ್ಗದ ಮುಂದೆ, ಮಗಳು ಲ್ಯಾಪ್‌ಟಾಪಿನ ಮುಂದೆ...

"ನೂರು ಸಾಕು ರೀ."

ಬೆಚ್ಚಿ ತಿರುಗಿದಳು. ಬಾಗಿಲಲ್ಲಿ ಅಪರಿಚಿತ ಯುವಕ!

"ಮಹಾಂತೇಶ್ ಅಂತ. ಚಳ್ಳಕೆರೆ ಆಫೀಸಿಂದ ಬಂದೆ. ಇನ್ಮೇಲೆ ನಿಮ್ಮ ಜೊತೆ ಕೆಲಸ."

ರೇಷ್ಮೆ ಸೀರೆಗಳನ್ನು ಮೊಬೈಲಿನಲ್ಲಿ ಲೈವ್ ತೋರಿಸಿ ಮಾರುವ ಕಂಪನಿಯಲ್ಲಿ ಇಬ್ಬರಿಗೂ ಕೆಲಸ. ಸರ್ವರುಗಳೆಲ್ಲ ಎಲ್ಲೋ ದೂರದ ಕ್ಲೌಡಿನಲ್ಲಿ, ಬಾಡಿಗೆಗೆ. ಪ್ರತಿಯೊಂದರೊಳಗೂ ಕರ್ನಲ್ ಎಂಬ ಯಜಮಾನ ತಂತ್ರಾಂಶ; ಅವನು ಮತ್ತೆ ಮತ್ತೆ ಎಚ್ಚೆತ್ತು, 'ಈಗ ಯಾವ ಕೆಲಸದ ಸರದಿ?' ಎಂದು ನೋಡುತ್ತಾನೆ. ಸೆಕೆಂಡಿಗೆ ಎಷ್ಟು ಸಲ ಎಂಬುದನ್ನು ಮಾತ್ರ ಇವರೇ ಆರಿಸಬೇಕು.

"ಸಾವಿರ ಬೇಕು! ಗಿರಾಕಿ ಮಾತಾಡ್ತಿರ್ತಾರೆ. ತಡ ಆದ್ರೆ ಎದ್ದು ಹೋಗ್ತಾರೆ."

"ಸುಮ್‌ಸುಮ್ನೆ ಎಬ್ಬಿಸ್ತಾ ಇದ್ರೆ ಕೆಲಸ ಮಾಡೋದ್ಯಾವಾಗ ಅದು?"

ಎಷ್ಟು ಸೊಕ್ಕು! ಆದರೂ... ಆ ಕಣ್ಣುಗಳಲ್ಲಿ ಇದ್ದದ್ದು ಕುತೂಹಲವಲ್ಲವೇ?

ದಿನಗಳು ಕಳೆದವು. ಅವನು ಬರುವ ಹೊತ್ತಿಗೆ ಅವಳ ಕಿವಿ ಬಾಗಿಲಿಗೆ ಅಂಟಿಕೊಳ್ಳತೊಡಗಿತು. ಒಂದು ಬೆಳಿಗ್ಗೆ ಸರ್ವರ್ ತೆರೆದರೆ... ತಾನಿಟ್ಟ ಸಾವಿರದ ಬದಲು ನೂರು!

ಒಂದು ಮಾತೂ ಕೇಳಲಿಲ್ಲವಲ್ಲ! ಉಕ್ಕಿದ ಸಿಟ್ಟಿನಲ್ಲಿ ಆಫೀಸಿಗೆ ಫೋನ್ ಮಾಡಿದಳು. "ಬೇರೆಯವರನ್ನ ಕಳಿಸಿ."

ಸಂಜೆ ಅವನೇ ಬಂದ. ಮುಖ ಬಾಡಿತ್ತು. ಮಗ್ಗದ ಪಕ್ಕ ಖಾಲಿ ಕಂಡ ಹಲಗೆಯ ಮೇಲೆ ಕುಸಿದು ಕೂತ. ಪಾಲಮ್ಮನ ಕೈ ಗಕ್ಕನೆ ನಿಂತಿತು.

"ನಾಳೆಯಿಂದ ಬೇರೆಯವರು ಬರ್ತಾರಂತೆ. ಹೇಳಿ ಹೋಗಾನ ಅಂತ ಬಂದೆ, ಶ್ರುತಿ."

"ನನ್ನ ಸಾವಿರ ತೆಗೆದು ನೂರು ಹಾಕಿದ್ರಲ್ಲ!"

"ನೀವು ನೋಡಿದ್ದು ಫೋಟೊ ಸರ್ವರ್ ಇರಬೇಕು ರೀ. ಅದಕ್ಕೆ ಅವಸರ ಇಲ್ಲ, ನೆಮ್ಮದಿಯಾಗಿ ಕೆಲಸ ಮಾಡ್ಲಿ ಅಂತ ನೂರು ಹಾಕ್ದೆ. ಮಾತಿನ ಸರ್ವರಲ್ಲಿ ನಿಮ್ಮ ಸಾವಿರ ಹಂಗೇ ಐತೆ. ಎರಡೂ ಇಟ್ಟು ಪರೀಕ್ಷೆ ಮಾಡ್ದೆ. ಅಲ್ಲಿಗೆ ನಿಮ್ಮ ಲೆಕ್ಕವೇ ಸರಿ."

ಮಾತಿನ ಸರ್ವರ್ ತೆರೆದು ನೋಡಿದಳು. ನಿಜ! ಬೆಳಿಗ್ಗೆ ಅವಳು ಹೊಕ್ಕಿದ್ದೇ ಬೇರೆ ಮನೆ.

"ನಮ್ಮಜ್ಜಿ ಹೇಳೋರು," ಎಂದ ಮೆಲ್ಲಗೆ. "ಸಾವಿರ ಸಲ ನಾಮ ನೆನೆಯೋನೂ ಭಕ್ತನೇ, ಕಾಯಕದ ನಡುವೆ ಒಂದ್ಸಲ ನೆನೆಯೋನೂ ಭಕ್ತನೇ."

"ನೀವು... ಯಾವ ಥರ?"

"ನಿಮ್ಮ ವಿಷಯದಲ್ಲಾ? ಸಾವಿರದವನು."

ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

ಪಾಲಮ್ಮ ಸೆರಗು ಬಾಯಿಗೊತ್ತಿ ನಕ್ಕಳು. "ನಾಯನಾ, ಸೀರೆ ಅಂಚು ನೇಯೋವಾಗ ಲಾಳಿ ತಳ್ಳೋ ಜಾಗ ಅದು. ಮನೇವ್ರು ಬಿಟ್ರೆ ಯಾರೂ ಕೂರಂಗಿಲ್ಲ!"

ಮಹಾಂತೇಶನ ಕಿವಿಗಳು ಕೆಂಪಾದವು. "ಗೊತ್ತಿರ್ಲಿಲ್ಲ ಅಮ್ಮಾ... ಶ್ರುತಿ, ಎದ್ದು ಹೋಗ್ತೀನಿ, ಬಿಡ್ರಿ."

ಶ್ರುತಿ ಬಾಗಿ, ಅಂಚಿನ ಲಾಳಿಯನ್ನೆತ್ತಿ ಅವನ ಅಂಗೈಯಲ್ಲಿಟ್ಟಳು.

"ಬಿಡಲ್ಲ."